ಬಯಲುಸೀಮೆಯ ವ್ಯಾನು ಕಡಲಿಗಿಳಿದಾಗ

ಕುಮಟಾದಲ್ಲಿ ಬೆಳಿಗ್ಗೆ ಎದ್ದು ಡಬ್ಬಿ ತೆಗೆದರೆ, ದಾವಣಗೆರೆಯಿಂದ ತಂದಿದ್ದ ಮಂಡಕ್ಕಿ ಹಲ್ಲಿಗೆ ಅಂಟುತ್ತಿತ್ತು. ಖಡಕ್ ರೊಟ್ಟಿ ಕರ್ಚೀಫಿನ ಹಾಗೆ ನಾಲ್ಕು ಮಡಿಕೆ ಆಗುತ್ತಿತ್ತು. 'ನಿಮ್ಮ ವ್ಯಾನೂ ಹೀಗೇ ಆಗುತ್ತೆ ನೋಡ್ರಿ' ಅಂದಳು ನನ್ನವಳು. ಎರಡು ದಿನಕ್ಕೆ ಹಾಗೇ ಆಯಿತು.

ನಮ್ಮದು ಐದು ಸೀಟಿನ ಮಾರುತಿ ಇಕೋ, ಒಳಗೇ ಮಲಗಿ ಊರು ಸುತ್ತಲು ಸಜ್ಜು ಮಾಡಿಕೊಂಡದ್ದು. ವ್ಯಾನಿನ ಮೈಗೆ ನಾನು ಒಂದು ತೂತೂ ಕೊರೆಸಲಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದೆ. ಕಂಪನಿ ಕೊಟ್ಟ ರೂಪವನ್ನು ಮನಸ್ಸಿಗೆ ಬಂದ ಹಾಗೆ ಬದಲಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2019ರಲ್ಲಿ ಗಟ್ಟಿಯಾಗಿ ಹೇಳಿದೆ. ಹಾಗಾಗಿ ಮಂಚ ಮೂರು ತುಂಡಿನದು. ಹಗಲು ಮಡಚಿ ಹಿಂದೆ ಇಡುವುದು, ರಾತ್ರಿ ಸೀಟಿನ ಮೇಲೆ ಹಾಯುವಂತೆ ಬಿಡಿಸುವುದು. ಕೆಳಗೆ ಪಾತ್ರೆ-ಪಗಡಕ್ಕೆ ಒಂದು ಡ್ರಾಯರ್. ಐದೂವರೆ ಅಡಿಯ ನನಗೆ ಕಾಲು ಚಾಚಲು ಜಾಗ ಸಾಕು. ಆರಡಿ ಇದ್ದವರು ಓರೆಯಾಗಿ ಮಲಗಬೇಕು, ಪಕ್ಕದವರು ಬೈಯುತ್ತಾರೆ.

ಕರೆಂಟಿಗೆ ಮನೆಯ ಯುಪಿಎಸ್ ಬ್ಯಾಟರಿಯನ್ನೇ ಎತ್ತಿಡೋಣ ಅಂದುಕೊಂಡಿದ್ದೆ. ಅದು 50 ಕೆಜಿಗೂ ಜಾಸ್ತಿ ಭಾರ. ಚಾರ್ಜ್ ಆಗುವಾಗ ಹೈಡ್ರೋಜನ್ ಬೇರೆ ಬಿಡುತ್ತದೆ. ತಲೆದಿಂಬಿನ ಪಕ್ಕ ಅಂಥದ್ದು ಬೇಡ ಅಂತ 12 ವೋಲ್ಟಿನ, 50 ಆಂಪಿಯರ್-ಅವರ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಕೊಂಡೆ. ಲೆಕ್ಕ ಸುಲಭ. 12ನ್ನು 50ರಿಂದ ಗುಣಿಸಿದರೆ ಅದರಲ್ಲಿ ಸುಮಾರು 600 ವ್ಯಾಟ್-ಅವರ್ ಇರುತ್ತದೆ. 15 ವ್ಯಾಟಿನ ಫ್ಯಾನ್ ಎಂಟು ಗಂಟೆ ತಿರುಗಿದರೆ 120. ದೀಪ, ಎರಡು ಮೊಬೈಲು ಸೇರಿ ರಾತ್ರಿಗೆ 180. ಮೂರು ರಾತ್ರಿ ನಿಶ್ಚಿಂತೆ.

ಪರೀಕ್ಷೆಗೆ ಅಂತ ಒಂದು ರಾತ್ರಿ ಚಿತ್ರದುರ್ಗದ ಹತ್ತಿರ ದೊಡ್ಡಮ್ಮನ ಶೇಂಗಾ ಹೊಲದಲ್ಲಿ ಮಲಗಿದ್ದೆವು. ದೂರದ ಗುಡ್ಡದ ಮೇಲೆ ಗಾಳಿಯಂತ್ರಗಳ ಕೆಂಪು ದೀಪ. ಎರಡೂ ಬಾಗಿಲಿಗೆ ಸೊಳ್ಳೆಪರದೆ ಕಟ್ಟಿದರೆ ಗಾಳಿ ಈ ಕಡೆಯಿಂದ ಆ ಕಡೆಗೆ ಹಾಯುತ್ತಿತ್ತು. ಫ್ಯಾನ್ ಹಾಕಲೇ ಇಲ್ಲ, ಬೆಳಗಿನ ಜಾವ ಕಂಬಳಿ ಬೇಕಾಯಿತು. ಆಗ ಗೊತ್ತಾದ ಒಂದೇ ತೊಂದರೆ ಅಂದರೆ ಇಕೋ ಎಂಜಿನ್ ಮುಂದಿನ ಸೀಟಿನ ಅಡಿಯಲ್ಲೇ ಇರುವುದು. ನಿಲ್ಲಿಸಿದ ಮೇಲೂ ಒಲೆಯ ಹಾಗೆ ಕಾವು ಬಿಡುತ್ತದೆ. ಅರ್ಧ ಗಂಟೆ ಬಾಗಿಲು ತೆರೆದಿಟ್ಟು, ಹೊರಗೆ ಚಹಾ ಕುಡಿದು ಆಮೇಲೆ ಮಲಗಬೇಕು. ಸ್ಟೋವ್ ಯಾವಾಗಲೂ ಹೊರಗೇ. ಮಳೆ ಬಂದರೂ ಒಳಗೆ ಹಚ್ಚುವುದಿಲ್ಲ ಅಂತ ಹಟ ಮಾಡಿಕೊಂಡಿದ್ದೇವೆ.

ಆ ಒಂದು ರಾತ್ರಿಯ ಧೈರ್ಯದ ಮೇಲೆ ದಸರಾ ರಜೆಯಲ್ಲಿ ಹೊರಟೆವು. ಹರಿಹರ, ರಾಣೆಬೆನ್ನೂರು, ಹಾವೇರಿ ಎಲ್ಲ 48ನೇ ಹೆದ್ದಾರಿಯಲ್ಲಿ ಸರ‍್ರನೆ ಮುಗಿಯಿತು. ಹರಿಹರೇಶ್ವರನನ್ನು 'ಇಲ್ಲೇ ಇದೆ, ಯಾವಾಗಾದರೂ ನೋಡಿದರಾಯಿತು' ಅಂತ ಈ ಸಲವೂ ಬಿಟ್ಟೆವು. ಹಾನಗಲ್‌ನ ತಾರಕೇಶ್ವರ ಗುಡಿಯ ಮುಂದೆ ಮಾತ್ರ ಇಳಿದೆವು. ಅಲ್ಲಿನ ಒಳಮಾಳಿಗೆಯ ಕಲ್ಲಿನ ಕಮಲವನ್ನು ಕುತ್ತಿಗೆ ನೋಯುವವರೆಗೆ ನೋಡಿದೆ. ರಾತ್ರಿ ಶಿರಸಿಯ ಹೊರಗೆ ಒಂದು ಪೆಟ್ರೋಲ್ ಬಂಕ್. ಡೀಸೆಲ್ ಲಾರಿಗಳ ಸದ್ದು ಬಿಟ್ಟರೆ ಬಂಕಿನಷ್ಟು ಒಳ್ಳೆಯ ಜಾಗ ಇಲ್ಲ: ದೀಪ, ನೀರು, ಶೌಚಾಲಯ, ರಾತ್ರಿಯಿಡೀ ಎಚ್ಚರ ಇರುವ ಒಬ್ಬ ಮನುಷ್ಯ. ಪೆಟ್ರೋಲ್ ಹಾಕಿಸಿ, ಆಮೇಲೆ ಕೇಳಿ. ಬೇಡ ಅಂದವರು ಕಡಿಮೆ.

ಶಿರಸಿಯಿಂದ ಕುಮಟಾಕ್ಕೆ ಇಳಿಯುವ ದೇವಿಮನೆ ಘಟ್ಟದ ರಸ್ತೆಯನ್ನು ಕಾಮಗಾರಿಗೆ ಆಗಾಗ ಮುಚ್ಚುತ್ತಾರೆ, ಶಿರಸಿಯಲ್ಲೇ ಕೇಳಿಕೊಂಡು ಇಳಿಯಿರಿ. ಎರಡನೇ ಗೇರಿನಲ್ಲೇ ಇಳಿದೆ. ಹಿಂದೆ ಹಾರ್ನ್ ಹೊಡೆದವರಿಗೆಲ್ಲ ದಾರಿ ಬಿಟ್ಟೆ. ಭಾರ ತುಂಬಿದ ವ್ಯಾನಿನಲ್ಲಿ ಬರೀ ಬ್ರೇಕ್ ನಂಬಿದರೆ ಅರ್ಧ ಘಟ್ಟಕ್ಕೇ ಸುಟ್ಟ ವಾಸನೆ ಬರುತ್ತದೆ.

ಕೆಳಗೆ ಇಳಿದ ಮೇಲೆ ಎಲ್ಲ ತಲೆಕೆಳಗು. ಗಾಳಿ ಇತ್ತು, ಆದರೆ ಬೆವರು ಆರುತ್ತಿರಲಿಲ್ಲ. ಸೊಳ್ಳೆಪರದೆಯ ಅಂಚಿಗೆ ದರ್ಜಿಯಿಂದ ಅಯಸ್ಕಾಂತದ ಬಿಲ್ಲೆ ಹೊಲಿಸಿದ್ದೆ. ನಮ್ಮೂರಿನಲ್ಲಿ ಟಪ್ ಅಂತ ಕಚ್ಚಿಕೊಳ್ಳುತ್ತಿದ್ದ ಪರದೆ, ಕಡಲ ಗಾಳಿಗೆ ಪಟಪಟ ಬಡಿದು ಬಿಚ್ಚಿಕೊಂಡಿತು. ಎರಡು ಗಂಟೆ ರಾತ್ರಿಯಲ್ಲಿ ಬಿಲ್ಲೆ ಹುಡುಕಿದ್ದು ನೆನೆದರೆ ಈಗಲೂ ನಗು. ಫ್ಯಾನ್ ರಾತ್ರಿಯಿಡೀ ಅಷ್ಟೇ ಅಲ್ಲ, ಮಧ್ಯಾಹ್ನವೂ ಬೇಕಾಯಿತು. ನನ್ನ ಮೂರು ರಾತ್ರಿಯ ಲೆಕ್ಕ ಎರಡಕ್ಕೆ ಇಳಿಯಿತು. ಮುರುಡೇಶ್ವರದಲ್ಲಿ ಸ್ನಾನಕ್ಕೆ ಅಂತ ಅರ್ಧ ದಿನ ಲಾಡ್ಜ್ ಹಿಡಿದು, ಅಲ್ಲೇ ಬ್ಯಾಟರಿಯನ್ನೂ ಚಾರ್ಜಿಗೆ ಹಾಕಿದೆವು. ಮೂರನೇ ದಿನ ಡ್ರಾಯರ್ ಉಬ್ಬಿ ಕೂತುಬಿಟ್ಟಿತು. ಚಹಾಪುಡಿ ಒಳಗೆ, ನಾವು ಹೊರಗೆ.

ಮರವಂತೆಯಲ್ಲಿ ರಸ್ತೆಯ ಒಂದು ಬದಿ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕಾ ನದಿ. ನೋಡಲು ಚಂದ, ಮಲಗಲು ಆಗದು. 66ನೇ ಹೆದ್ದಾರಿಯ ಲಾರಿಗಳು ಕಿವಿಯ ಪಕ್ಕದಲ್ಲೇ ಓಡುತ್ತವೆ. ಸ್ವಲ್ಪ ಮುಂದೆ ಒಂದು ಮನೆಯವರನ್ನು ಕೇಳಿ ಅವರ ತೆಂಗಿನ ತೋಟಕ್ಕೆ ತಿರುಗಿಸಿದೆ. ಹಿಂದಿನ ಎರಡೂ ಚಕ್ರ ಮರಳಿನಲ್ಲಿ ಹೂತವು. ಒತ್ತಿದಷ್ಟೂ ಇಳಿಯುತ್ತಿತ್ತು. ಮನೆಯ ಅಜ್ಜ ಬಂದು ನೋಡಿ, 'ಎಂತ ಮಾರಾಯ್ರೆ, ಮಡಲು ಹಾಕಿ' ಅಂದರು. ನನಗೆ ಅರ್ಥವಾಗಲಿಲ್ಲ. ಅವರೇ ನಾಲ್ಕು ಒಣ ತೆಂಗಿನ ಗರಿ ಎಳೆದು ತಂದು ಚಕ್ರದ ಕೆಳಗೆ ತುರುಕಿದರು. ನಾನು ಟೈರಿನ ಗಾಳಿಯನ್ನು 20 ಪಿಎಸ್ಐಗೆ ಇಳಿಸಿದೆ. ನಿಧಾನಕ್ಕೆ ಕ್ಲಚ್ ಬಿಟ್ಟರೆ, ಗರಿ ಕರಕರ ಮುರಿಯುತ್ತಾ ವ್ಯಾನು ಮೇಲೆ ಬಂತು. ಕಾಲಿನಿಂದ ಒತ್ತುವ ಪಂಪ್ ಜೊತೆಗಿದ್ದದ್ದು ಒಳ್ಳೆಯದಾಯಿತು. ಆ ರಾತ್ರಿ ಅಜ್ಜನ ಮನೆಯಲ್ಲಿ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ. ಮೆತ್ತಗಾದ ರೊಟ್ಟಿ ಅವರ ದನಕ್ಕೆ ಹೋಯಿತು.

ಕೊಲ್ಲೂರು, ನಾಗೋಡಿ ಘಟ್ಟ, ಶಿವಮೊಗ್ಗ, ಹೊನ್ನಾಳಿ ದಾಟಿ ಊರು ಸೇರಿದೆವು. ಮೊದಲು ವ್ಯಾನಿನ ಅಡಿಯನ್ನೆಲ್ಲ ಸಿಹಿನೀರಿನಲ್ಲಿ ತೊಳೆಸಿದೆ, ಉಪ್ಪು ತಗಡು ತಿನ್ನುತ್ತದೆ. ಆಮೇಲೆ ಬಡಗಿಯ ಹತ್ತಿರ ಹೋದೆ. ಅವನು ಉಬ್ಬಿದ ಅಂಚನ್ನು ಉಗುರಿನಿಂದ ಕೆರೆದು, 'ಸಮುದ್ರಕ್ಕೆ ಹೊಂಟೀನಿ ಅಂತ ಮೊದ್ಲೇ ಹೇಳಬೇಕಿತ್ತಲ್ರೀ ಸರ, ಇದು ಕಮರ್ಷಿಯಲ್ ಪ್ಲೈ, ಕಡಲ ತೇವ ತಡೆಯಂಗಿಲ್ಲ' ಅಂದ. ಈಗ ಡ್ರಾಯರ್ 710 ನಂಬರಿನ ಮರೀನ್ ಪ್ಲೈವುಡ್‌ನದು, ಅಂಚಿಗೆಲ್ಲ ಬಣ್ಣ ಬಳಿಸಿದೆ. ಪರದೆಗೆ ಅಯಸ್ಕಾಂತದ ಜೊತೆ ಕಟ್ಟಲು ಲಾಡಿಯನ್ನೂ ಹೊಲಿಸಿದ್ದೇನೆ. ಮಂಡಕ್ಕಿಗೆ ರಬ್ಬರ್ ಮುಚ್ಚಳದ ಸ್ಟೀಲ್ ಡಬ್ಬಿ ನನ್ನವಳೇ ತಂದಳು.