ಉಬ್ಬಿದ ಅಯೋರ್ಟಾದ ತುಂಡು ನಮ್ಮ ಟೇಬಲ್ಲಿಗೆ ಬಂದಾಗ

ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಅಯೋರ್ಟಾ. ಅದರ ಗೋಡೆ ಸಡಿಲವಾಗಿ ಉಬ್ಬಿದರೆ ಅನ್ಯೂರಿಸಂ. ಅದರ ಆಪರೇಷನ್ ಆದಮೇಲೆ ಪ್ಯಾಥಾಲಜಿಗೆ ಬರುವುದು ಫಾರ್ಮಲಿನ್ ಡಬ್ಬಿಯಲ್ಲಿ ಮುದುರಿಕೊಂಡ ಒಂದೆರಡು ತುಂಡು, ಅಷ್ಟೇ. ಫಾರಂನಲ್ಲೂ ಜಾಸ್ತಿ ಏನೂ ಬರೆದಿರುವುದಿಲ್ಲ. ಹಾಗಾಗಿ ನಾನು ಮೊದಲು ಸರ್ಜನ್‌ಗೆ ಫೋನ್ ಮಾಡುತ್ತೇನೆ. ಎದೆಯ ಭಾಗದ್ದೋ ಹೊಟ್ಟೆಯದ್ದೋ? ಅಯೋರ್ಟಾದ ಬುಡದ ವಾಲ್ವ್‌ಗೆ ಮೂರು ಎಸಳೋ ಎರಡೋ? ಮನೆಯಲ್ಲಿ ಯಾರಿಗಾದರೂ ಮಾರ್ಫಾನ್ (ರಕ್ತನಾಳದ ಗೋಡೆಯನ್ನೂ ದುರ್ಬಲಗೊಳಿಸುವ ಆನುವಂಶಿಕ ಕಾಯಿಲೆ) ಇದೆಯಾ?

ತುಂಡನ್ನು ಪಟ್ಟಿ ಪಟ್ಟಿಯಾಗಿ ಕೊಯ್ದು, ಮೇಣದಲ್ಲಿ ಅಂಚಿನ ಮೇಲೆ ನಿಲ್ಲಿಸಬೇಕು. ಮೂರೂ ಪದರ ಒಂದೇ ಸ್ಲೈಡಿನಲ್ಲಿ ಕಾಣಬೇಕಲ್ವಾ. ಸುಮ್ನೆ ಮಲಗಿಸಿದರೆ ಓರೆಯಾಗಿ ಕೊಯ್ದು ಹೋಗಿ, ಚೆನ್ನಾಗಿರುವ ಗೋಡೆಯೂ ಹರಿದ ಹಾಗೆ ಕಾಣುತ್ತದೆ. ಕ್ಯಾಲ್ಸಿಯಂ ಕಟ್ಟಿದ್ದರೆ ಮೊದಲು ಕ್ಯಾಲ್ಸಿಯಂ ತೆಗೆಯುವ ಇಡಿಟಿಎ ದ್ರಾವಣದಲ್ಲಿ ನೆನೆಸಿ ಮೆತ್ತಗೆ ಮಾಡಿಕೊಳ್ಳುತ್ತೇವೆ.

ಮಾಮೂಲಿ ಎಚ್ ಅಂಡ್ ಇ ಸ್ಟೇನ್ (ಸ್ಲೈಡಿಗೆ ಹಾಕುವ ಬಣ್ಣ) ಒಂದನ್ನೇ ನೋಡಿ ರಿಪೋರ್ಟ್ ಬರೆಯುವವರು ಇದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ನಡುವಿನ ಪದರದಲ್ಲಿ, ಅಂದರೆ ಮೀಡಿಯಾದಲ್ಲಿ, ಎಲಾಸ್ಟಿಕ್ ಹಾಳೆಗಳು ಚಿರೋಟಿಯ ಹಾಗೆ ಒಂದರ ಮೇಲೊಂದು ಕೂತಿರುತ್ತವೆ, ಅವು ಸರಿಯಾಗಿ ಕಾಣಬೇಕಾದರೆ ವೆರ್ಹಾಫ್ ಸ್ಟೇನ್ ಬೇಕೇ ಬೇಕು. ಅದರಲ್ಲಿ ಎಲಾಸ್ಟಿಕ್ ಕಪ್ಪು, ಕೊಲಾಜನ್ ಕೆಂಪು, ಸ್ನಾಯು ಹಳದಿ. ಮೊದಲು ಇಡೀ ತುಂಡನ್ನು ಕಪ್ಪಗೆ ಮಾಡಿ, ಆಮೇಲೆ 2% ಫೆರಿಕ್ ಕ್ಲೋರೈಡ್‌ನಲ್ಲಿ ಅದ್ದಿ ಬಣ್ಣ ಇಳಿಸುತ್ತಾ, ನಡುನಡುವೆ ಮೈಕ್ರೋಸ್ಕೋಪಿನಲ್ಲಿ ನೋಡುತ್ತಿರಬೇಕು. ಇನ್ನೂ ಸ್ವಲ್ಪ ಇಳಿಯಬೇಕಿತ್ತು ಅನ್ನಿಸುವಾಗಲೇ ನಿಲ್ಲಿಸಬೇಕು, ಯಾಕೆಂದರೆ ಮುಂದೆ ಹಾಕುವ ವ್ಯಾನ್ ಗೀಸನ್ ಎಂಬ ಎರಡನೇ ಬಣ್ಣದಲ್ಲಿರುವ ಪಿಕ್ರಿಕ್ ಆ್ಯಸಿಡ್ ಇನ್ನಷ್ಟು ಬಣ್ಣ ತೆಗೆಯುತ್ತದೆ. ಜಾಸ್ತಿ ಇಳಿಸಿದರೆ ಇರುವ ಎಲಾಸ್ಟಿಕ್ಕೂ ಮಾಯ! ಅನುಮಾನ ಬಂದರೆ ಹೊರಪದರದ ಸಣ್ಣ ರಕ್ತನಾಳಗಳನ್ನು ನೋಡುತ್ತೇನೆ. ಅವುಗಳ ಒಳಗಿನ ಎಲಾಸ್ಟಿಕ್ ಗೆರೆಯೂ ಮಾಸಿದ್ದರೆ ತಪ್ಪು ಸ್ಟೇನಿನದು, ರೋಗಿಯದಲ್ಲ. ಮತ್ತೆ ಮಾಡಿಸುತ್ತೇನೆ.

ಮಾರ್ಫಾನ್ ಇರುವ ಹುಡುಗನ ಅಯೋರ್ಟಾದ ಬುಡ ಈ ಸ್ಟೇನಿನಲ್ಲಿ ನೋಡಬೇಕು. ಕಪ್ಪು ಗೆರೆಗಳು ತುಂಡು ತುಂಡಾಗಿ, ನಡುವೆ ಖಾಲಿ ಜಾಗ. ಅದೇ ಜಾಗ ಆಲ್ಸಿಯನ್ ಬ್ಲೂ ಎಂಬ ಇನ್ನೊಂದು ಸ್ಟೇನ್ ಹಾಕಿದರೆ ನೀಲಿ ಕೆರೆ, ಅಲ್ಲಿ ಲೋಳೆಯಂಥ ವಸ್ತು ತುಂಬಿಕೊಂಡಿರುತ್ತದೆ. ಕೆಲವು ಕಡೆ ಸ್ನಾಯುಕೋಶಗಳ ನ್ಯೂಕ್ಲಿಯಸ್ಸೇ ಇರುವುದಿಲ್ಲ. ಉರಿಯೂತ ಮಾತ್ರ ಇಲ್ಲವೆನ್ನುವಷ್ಟು ಕಡಿಮೆ. ಇದೇ ಬದಲಾವಣೆ ಸ್ವಲ್ಪ ಮಟ್ಟಿಗೆ ವಯಸ್ಸಾದವರಲ್ಲೂ ಇರುತ್ತದೆ, ಹಾಗಾಗಿ ಎಷ್ಟಿದೆ, ಯಾವ ವಯಸ್ಸಿನವರಲ್ಲಿ ಅನ್ನುವುದೇ ಮುಖ್ಯ.

ವರ್ಷಗಟ್ಟಲೆ ಬೀಡಿ ಸೇದಿದ ಅಜ್ಜನ ಹೊಟ್ಟೆಯ ಅನ್ಯೂರಿಸಂ ಬೇರೆಯದೇ ಕಥೆ. ಒಳಗೆ ಕೊಬ್ಬಿನ ಗಡ್ಡೆ, ಕ್ಯಾಲ್ಸಿಯಂ, ಅದರ ಮೇಲೆ ಪದರ ಪದರವಾಗಿ ಹೆಪ್ಪುಗಟ್ಟಿದ ರಕ್ತ. ಮೀಡಿಯಾ ಎಷ್ಟು ತೆಳ್ಳಗಾಗಿರುತ್ತದೆ ಎಂದರೆ ಎಲ್ಲಿದೆ ಅಂತ ಹುಡುಕಬೇಕು. ಹೊರಪದರದಲ್ಲಿ ಲಿಂಫೋಸೈಟ್‌ಗಳ ಗುಂಪು. ಈ ಉರಿಯೂತದ ಜೀವಕೋಶಗಳು ಮತ್ತು ಸ್ನಾಯುಕೋಶಗಳು ಬಿಡುವ ಎಂಎಂಪಿ ಎಂಬ ಕಿಣ್ವಗಳು, ಅದರಲ್ಲೂ 2 ಮತ್ತು 9, ಎಲಾಸ್ಟಿನ್ ಅನ್ನು ತಿಂದುಹಾಕುತ್ತವೆ. ಗೋಡೆ ಸಡಿಲವಾದಂತೆ ವ್ಯಾಸ ಹೆಚ್ಚುತ್ತದೆ, ವ್ಯಾಸ ಹೆಚ್ಚಿದಂತೆ ಅದೇ ಬಿಪಿಗೂ ಗೋಡೆಯ ಮೇಲಿನ ಎಳೆತ ಏರುತ್ತದೆ.

ಇವೆರಡೂ ಅಲ್ಲದೆ, ಮೀಡಿಯಾದೊಳಗೇ ದೈತ್ಯಕೋಶಗಳು (ಹಲವು ನ್ಯೂಕ್ಲಿಯಸ್ ಇರುವ ದೊಡ್ಡ ಉರಿಯೂತದ ಕೋಶಗಳು) ಕಂಡರೆ ನಾನು ರಿಪೋರ್ಟ್ ಟೈಪ್ ಆಗುವ ತನಕ ಕಾಯುವುದಿಲ್ಲ. ಅದು ಅಯೋರ್ಟೈಟಿಸ್, ಅಂದರೆ ಅಯೋರ್ಟಾದ್ದೇ ಉರಿಯೂತ, ಚಿಕ್ಕ ವಯಸ್ಸಿನ ಹೆಂಗಸಾದರೆ ಟಾಕಾಯಾಸು ಎಂಬ ದೊಡ್ಡ ರಕ್ತನಾಳಗಳ ಉರಿಯೂತದ ಕಾಯಿಲೆ ನೆನಪಾಗಲೇಬೇಕು, ಟಿಬಿಯನ್ನೂ ಬಿಡುವಂತಿಲ್ಲ. ಸರ್ಜನ್ ತೆಗೆದದ್ದು ಒಂದು ತುಂಡು, ಉಳಿದ ಅಯೋರ್ಟಾ, ಕೊಂಬೆಗಳೆಲ್ಲ ಒಳಗೇ ಇವೆ. ಸ್ಕ್ಯಾನ್ ಮಾಡಿಸಿ, ರುಮಟಾಲಜಿಯವರಿಗೆ ತೋರಿಸಿ ಅಂತ ಅವತ್ತೇ ಫೋನಿನಲ್ಲಿ ಹೇಳಿಬಿಡುತ್ತೇನೆ.