ಹುಬ್ಬಳ್ಳಿಯಿಂದ ಮುಳುಗಿದ ಹಡಗು ಹುಡುಕಲು ಹೊರಟವರಿಗೆ

ಮೊದಲು ನಕ್ಷೆ, ನೀರಿಗಿಳಿಯೋದು ಆಮೇಲೆ. ಸಮುದ್ರ ನಕ್ಷೆಗಳಲ್ಲಿ ಗೊತ್ತಿರುವ ಮುಳುಗಿದ ಹಡಗುಗಳ ಗುರುತು ಇರುತ್ತದೆ. ನಂತರ ಘಟ್ಟ ಇಳಿದು ಅಂಕೋಲಾ, ಕಾರವಾರದ ಮೀನುಗಾರರನ್ನು ಕೇಳಿ, ಬಲೆ ಪದೇ ಪದೇ ಎಲ್ಲಿ ಸಿಕ್ಕಿ ಹರಿಯುತ್ತದೆ ಅಂತ. ಅಲ್ಲಿ ಕೆಳಗೆ ಹಡಗು ಇರಬಹುದು, ಬರೀ ಬಂಡೆಯೂ ಇರಬಹುದು, ಆದರೂ ಚಿನ್ನದ ಕಥೆಗಳಿಗಿಂತ ಈ ಉತ್ತರವೇ ಜಾಸ್ತಿ ಕೆಲಸಕ್ಕೆ ಬರುತ್ತದೆ. ನೌಕಾನೆಲೆಯ ಹತ್ತಿರ ಮಾತ್ರ ಸುಳಿಯಬೇಡಿ.

ಮಳೆಗಾಲ ಬೇಡ, ಕದಡಿದ ನೀರಲ್ಲಿ ಏನೂ ಕಾಣಲ್ಲ. ಡೈವಿಂಗ್ ಕಲಿತೇ ಇಳಿಯಿರಿ. ಮೊದಲ ಹಂತದ ಸರ್ಟಿಫಿಕೇಟ್ ಸಾಮಾನ್ಯವಾಗಿ 18 ಮೀಟರ್ ಆಳದವರೆಗೆ.

ಚಿನ್ನ ಸಿಗುತ್ತಾ? ಗೋವಾದ ಸಮುದ್ರದೊಳಗಿನ ಬಂಡೆಸಾಲಾದ ಸುಂಚಿ ರೀಫ್‌ನಲ್ಲಿ ಮುಳುಗಿದ ಹಡಗಿನಿಂದ ಸಂಶೋಧಕರಿಗೆ ಸಿಕ್ಕಿದ್ದು ಆನೆದಂತ, ನೀರಾನೆ ಹಲ್ಲು, ಕಬ್ಬಿಣದ ಫಿರಂಗಿ! ಏನೇ ಕಂಡರೂ ಎತ್ತಬೇಡಿ. ಫೋಟೋ ತೆಗೆದು, ದೋಣಿಯಿಂದಲೇ ಜಿಪಿಎಸ್ ಗುರುತು ಹಾಕಿಕೊಂಡು ಪುರಾತತ್ವ ಇಲಾಖೆಗೆ ತಿಳಿಸಿ. 100 ವರ್ಷ ದಾಟಿದ ವಸ್ತುಗಳಿಗೆ 1972ರ ಪುರಾತನ ವಸ್ತುಗಳ ಕಾಯ್ದೆ ಇದೆ.