ಒಂದೇ ಪ್ರಶ್ನೆಯನ್ನು ಐದು ಸಲ ಕೇಳುತ್ತಿದ್ದೆ: ಸ್ವಿಂಗ್ ಟ್ರೇಡಿಂಗ್‌ನಲ್ಲಿ ನನ್ನ ಅನುಭವ

ಕಲಬುರಗಿ ಗಂಜ್‌ನ ಒಂದು ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಶೇರು ಮಾರ್ಕೆಟ್ ನಡೆಯುವ 9:15ರಿಂದ 3:30ರವರೆಗೆ ನಾನು ಚೀಲ, ತೂಕ, ಪಟ್ಟಿ ಇದರಲ್ಲೇ ಮುಳುಗಿರುತ್ತೇನೆ. ಇಂಟ್ರಾಡೇ, ಅಂದರೆ ಅದೇ ದಿನ ಕೊಂಡು ಅದೇ ದಿನ ಮಾರುವುದು, ನನ್ನಿಂದ ಆಗುವ ಮಾತಲ್ಲ. ಎರಡು ಮೂರು ವಾರ ಇಟ್ಟುಕೊಂಡು ಮಾರುವ ಸ್ವಿಂಗ್ ಟ್ರೇಡಿಂಗ್ ಶುರು ಮಾಡಿದ್ದು ಅದಕ್ಕೇ, 2021ರಲ್ಲಿ.

ಆಗ ನನ್ನ ಚಾರ್ಟ್ ನೋಡಬೇಕಿತ್ತು. ಆರ್‌ಎಸ್‌ಐ, ಸ್ಟೊಕಾಸ್ಟಿಕ್, ಎಂಎಸಿಡಿ, ಸಿಸಿಐ, ಬೋಲಿಂಜರ್ ಬ್ಯಾಂಡ್, ಹೀಗೆ ಬೆಲೆಯಿಂದ ಲೆಕ್ಕ ಹಾಕಿ ಸೂಚನೆ ಕೊಡುವ ಐದು ಇಂಡಿಕೇಟರ್, ಎಲ್ಲವೂ ಒಂದೇ ಪರದೆಯಲ್ಲಿ. ಅಂಗಡಿಗೆ ಬರುವ ಹಿರಿಯ ಖರೀದಿದಾರರೊಬ್ಬರಿದ್ದಾರೆ, ನಾವೆಲ್ಲ ಕಾಕಾ ಅಂತೀವಿ. ನನ್ನ ಫೋನ್ ಇಣುಕಿ ನೋಡಿ "ಏನೋ ತಮ್ಮಾ ಇದು, ರಂಗೋಲಿ ಹಾಕಿದಂಗ ಹಾಕೀದಿ?" ಅಂದಿದ್ದರು. ನಕ್ಕು ಸುಮ್ನಾದೆ. ಐದೂ ಹಸಿರು, ಅಂದರೆ ಕೊಳ್ಳು ಅಂತ, ತೋರಿಸಿದಾಗ ಕೊಳ್ಳುವುದು, ಕೊಂಡ ಮೂರನೇ ದಿನಕ್ಕೆ ಬೀಳುವುದು, ಇದೇ ಆಟ ಆರು ತಿಂಗಳು ನಡೆಯಿತು.

ತಪ್ಪು ಹೊಳೆದದ್ದು ಅದೇ ಕಾಕಾ ತೊಗರಿ ನೋಡುವ ರೀತಿಯಿಂದ. ಮೊದಲು ಅಂಗೈ ಮೇಲೆ ಹರವಿ ಬಣ್ಣ, ಗಾತ್ರ ನೋಡುತ್ತಾರೆ. ಒಂದು ಕಾಳು ಹಲ್ಲಲ್ಲಿ ಕಡಿಯುತ್ತಾರೆ. ಕಟ್ ಅಂತ ಒಡೆದರೆ ಒಣಗಿದೆ, ಮೆತ್ತಗಾದರೆ ತೇವ ಇದೆ. ಆಮೇಲೆ ಚೀಲದ ತಳದಿಂದ ಒಂದು ಹಿಡಿ ತೆಗೆಸಿ ಕಸ, ಹುಳ ನೋಡುತ್ತಾರೆ. ಪ್ರತಿ ಸಲವೂ ಬೇರೆ ಪ್ರಶ್ನೆ. ನಾನು ಮಾಡುತ್ತಿದ್ದದ್ದು ಐದು ಸಲ ಹಲ್ಲಲ್ಲಿ ಕಡಿದ ಹಾಗೆ. ಆರ್‌ಎಸ್‌ಐ ಅಂದರೆ 14 ದಿನದ ಸರಾಸರಿ ಏರಿಕೆಯನ್ನು ಸರಾಸರಿ ಇಳಿಕೆಗೆ ಹೋಲಿಸಿ 0ಯಿಂದ 100ರೊಳಗೆ ಕೊಡುವ ಅಂಕ. ಸ್ಟೊಕಾಸ್ಟಿಕ್ ಅಂದರೆ ಇತ್ತೀಚಿನ ಗರಿಷ್ಠ ಕನಿಷ್ಠಗಳ ನಡುವೆ ಇವತ್ತಿನ ಬೆಲೆ ಎಲ್ಲಿದೆ ಅನ್ನುವುದು. ಎಂಎಸಿಡಿ 12 ಮತ್ತು 26 ದಿನದ ಸರಾಸರಿಗಳ ಅಂತರ. ಎಲ್ಲವೂ ಹುಟ್ಟುವುದು ಅದೇ ಬೆಲೆಯಿಂದ. ಒಂದೇ ಮನೆಯ ಐದು ಜನ ಸಾಕ್ಷಿ ಹೇಳಿದರೆ ಐದು ಸಾಕ್ಷಿ ಆಗುತ್ತಾ?

ಈಗ ಒಂದು ಪ್ರಶ್ನೆಗೆ ಒಂದೇ ಇಂಡಿಕೇಟರ್. ದಾರಿ ಯಾವ ಕಡೆ ಅಂತ ತಿಳಿಯಲು 50 ದಿನದ ಇಎಂಎ, ಅಂದರೆ ಇತ್ತೀಚಿನ ದಿನಗಳಿಗೆ ಹೆಚ್ಚು ತೂಕ ಕೊಡುವ ಸರಾಸರಿ ಬೆಲೆಯ ಗೆರೆ. ಬೆಲೆ ಅದರ ಮೇಲಿರಬೇಕು, ಗೆರೆಯೂ ಮೇಲಕ್ಕೆ ಹೋಗುತ್ತಿರಬೇಕು. ಯಾವಾಗ ಕೊಳ್ಳುವುದು ಅನ್ನುವುದಕ್ಕೆ ಆರ್‌ಎಸ್‌ಐ. 30ಕ್ಕೆ ಇಳಿಯಲಿ ಅಂತ ಕಾಯುವುದಿಲ್ಲ, ಏರುತ್ತಿರುವ ಶೇರು ಸಾಮಾನ್ಯವಾಗಿ ಅಷ್ಟು ಕೆಳಗೆ ಬರುವುದೇ ಇಲ್ಲ. 40ರಿಂದ 50ರ ನಡುವೆ ಬಂದು ಮತ್ತೆ ಮೇಲೆ ತಿರುಗಿದರೆ ಸಾಕು. ಜನ ನಿಜವಾಗಿಯೂ ಕೊಳ್ಳುತ್ತಿದ್ದಾರಾ ಅಂತ ನೋಡಲು ವಾಲ್ಯೂಮ್, ಅಂದರೆ ಆ ದಿನ ಕೈ ಬದಲಾದ ಶೇರುಗಳ ಸಂಖ್ಯೆ. ಸ್ಟಾಪ್‌ಲಾಸ್ (ನಷ್ಟ ಇನ್ನೂ ಬೆಳೆಯದಂತೆ ಮಾರಿಬಿಡುವ ಬೆಲೆ) ಎಷ್ಟು ದೂರ ಅನ್ನುವುದಕ್ಕೆ ಎಟಿಆರ್, ಅಂದರೆ ಆ ಶೇರು ದಿನಕ್ಕೆ ಸರಾಸರಿ ಎಷ್ಟು ರೂಪಾಯಿ ಓಲಾಡುತ್ತದೆ ಅನ್ನುವ ಲೆಕ್ಕ. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಉಪಯೋಗದ್ದು, ಇದು ಕೊಳ್ಳು ಅಂತಲೂ ಹೇಳಲ್ಲ, ಮಾರು ಅಂತಲೂ ಹೇಳಲ್ಲ, ಅದಕ್ಕೇ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

ಒಂದು ಟ್ರೇಡ್ ಹೇಳುತ್ತೇನೆ. ಬಂಡವಾಳ 2 ಲಕ್ಷ, ಒಂದು ಟ್ರೇಡ್‌ನಲ್ಲಿ ಕಳೆದುಕೊಳ್ಳಲು ತಯಾರಿರುವುದು ಅದರ ಶೇ. 1, ಅಂದರೆ 2,000. ಶೇರಿನ ಬೆಲೆ 412, ಇಎಂಎ 398, ಆರ್‌ಎಸ್‌ಐ 43ಕ್ಕೆ ಇಳಿದು 47ಕ್ಕೆ ತಿರುಗಿತ್ತು, ತಿರುಗಿದ ದಿನ ವಾಲ್ಯೂಮ್ 20 ದಿನದ ಸರಾಸರಿಗಿಂತ ಒಂದೂವರೆ ಪಟ್ಟು. ಎಟಿಆರ್ 11. ಅದರ ಎರಡರಷ್ಟು ಕೆಳಗೆ, 390ಕ್ಕೆ ಸ್ಟಾಪ್. 2,000ವನ್ನು 22ರಿಂದ ಭಾಗಿಸಿದರೆ 90. ಕೊಂಡದ್ದು 90 ಶೇರು ಅಷ್ಟೇ, ಅಕೌಂಟ್‌ನಲ್ಲಿ ಇನ್ನೂ ದುಡ್ಡಿತ್ತು ಅಂತ 200 ಕೊಳ್ಳಲಿಲ್ಲ. ಅರ್ಧ 445ಕ್ಕೆ ಮಾರಿದೆ, ಉಳಿದ ಅರ್ಧ, ದಿನದ ಕೊನೆಯ ಬೆಲೆ 20 ದಿನದ ಸರಾಸರಿಯ ಕೆಳಗೆ ಇಳಿದ ಮೇಲೆ, 456ಕ್ಕೆ. ಒಟ್ಟು ಲಾಭ 3,465. ಅದರಲ್ಲಿ ಕಳೆಯಬೇಕಾದ್ದು ಎಸ್‌ಟಿಟಿ, ಅಂದರೆ ಶೇರು ವಹಿವಾಟಿನ ತೆರಿಗೆ, ಕೊಳ್ಳುವಾಗ ಮಾರುವಾಗ ಎರಡೂ ಕಡೆ ಶೇ. 0.1, ಜೊತೆಗೆ ಮಾರಿದ ದಿನ ಡಿಮ್ಯಾಟ್ ಖಾತೆಯಿಂದ ಶೇರು ಹೋಗುವುದಕ್ಕೆ ಕೊಡುವ ಡಿಪಿ ಚಾರ್ಜ್. ಎರಡು ದಿನ ಬೇರೆ ಬೇರೆ ಮಾರಿದ್ದಕ್ಕೆ ಅದೂ ಎರಡು ಸಲ.

ಇನ್ನು ನಾನೇ ಮಾಡಿಕೊಂಡ ಎಡವಟ್ಟು. 2024ರ ಜೂನ್ 3, ಎಕ್ಸಿಟ್ ಪೋಲ್ ನೋಡಿ ಮಾರ್ಕೆಟ್ ಹಾರಿತ್ತು. ಒಂದು ಸರ್ಕಾರಿ ಕಂಪನಿಯ ಶೇರು, ಆರ್‌ಎಸ್‌ಐ 71. ನನ್ನ ನಿಯಮದ ಪ್ರಕಾರ ಮುಟ್ಟಲೇಬಾರದಿತ್ತು. 268ಕ್ಕೆ 220 ಶೇರು ಕೊಂಡೆ. ಸ್ಟಾಪ್‌ಗೆ ಜಿಟಿಟಿ ಹಾಕಿದ್ದೆ, ಅಂದರೆ ಹೇಳಿದ ಬೆಲೆ ಮುಟ್ಟಿದಾಗ ತಾನಾಗಿ ಹೋಗುವ ಆರ್ಡರ್: ಅದು ಹೊರಡುವ ಬೆಲೆ, ಟ್ರಿಗರ್ 256, ಅದಕ್ಕಿಂತ ಕಡಿಮೆಗೆ ಮಾರಬಾರದು ಅನ್ನುವ ಲಿಮಿಟ್ 255. ಮರುದಿನ ಲೋಕಸಭೆ ಚುನಾವಣೆಯ ಮತ ಎಣಿಕೆ. ನಿಫ್ಟಿ ಶೇ. 6ರ ಹತ್ತಿರ ಕುಸಿಯಿತು. ನಾನು ಅಂಗಡಿಯಲ್ಲಿ ಪಟ್ಟಿ ಬರೆಯುತ್ತಾ, ಸ್ಟಾಪ್ ಇದೆಯಲ್ಲ ಅಂತ ನಿಶ್ಚಿಂತೆಯಿಂದ ಕೂತಿದ್ದೆ. ಊಟಕ್ಕೆ ಎದ್ದಾಗ ನೋಡಿದರೆ ಟ್ರಿಗರ್ ಆಗಿದೆ, ಆರ್ಡರ್ ಹಾಗೇ ಬಾಕಿ ಇದೆ, ಬೆಲೆ 231. ಬಿದ್ದ ರಭಸಕ್ಕೆ 255ನ್ನು ಹಾರಿಕೊಂಡೇ ಹೋಗಿತ್ತು. 2,640 ಹೋಗಬೇಕಿದ್ದ ಕಡೆ 8,140 ಹೋಯಿತು. ಅವತ್ತಿನಿಂದ ಟ್ರಿಗರ್‌ಗೂ ಲಿಮಿಟ್‌ಗೂ ನಡುವೆ ಕನಿಷ್ಠ ಶೇ. 3 ಅಂತರ ಬಿಡುತ್ತೇನೆ. ಬಜೆಟ್, ಫಲಿತಾಂಶದ ಹಿಂದಿನ ದಿನ ಹೊಸದಾಗಿ ಏನೂ ಕೊಳ್ಳಲ್ಲ.

ಕಳೆದ ವರ್ಷದ ನೋಟ್‌ಬುಕ್ ತೆಗೆದರೆ 31 ಟ್ರೇಡ್. 14 ಲಾಭ, 17 ನಷ್ಟ. ಲಾಭ ಸರಾಸರಿ 3,100, ನಷ್ಟ 1,700. ಖರ್ಚು ಕಳೆಯುವ ಮೊದಲು ಉಳಿದದ್ದು 14,500. ಒಂದು ವರ್ಷದೊಳಗೆ ಮಾರಿದ ಲಾಭಕ್ಕೆ 2024ರ ಜುಲೈ 23ರಿಂದ ಟ್ಯಾಕ್ಸ್ ಶೇ. 20, ಮೊದಲು 15 ಇತ್ತು. ಮನೆಯಲ್ಲಿ ಹೆಂಡತಿಗೆ ಲೆಕ್ಕ ತೋರಿಸಿದಾಗ "ಎಫ್‌ಡಿ ಇಟ್ಟಿದ್ರೂ ಹೆಚ್ಚುಕಮ್ಮಿ ಇಷ್ಟೇ ಬರ್ತಿತ್ತಲ್ರೀ" ಅಂದಳು. ಅದೂ ಖರೇನೇ.

ಡಿಸೆಂಬರ್, ಜನವರಿಯಲ್ಲಿ ಹೊಸ ತೊಗರಿ ಬರುವಾಗ ಮನೆ ಸೇರುವುದೇ ರಾತ್ರಿ ಹತ್ತಕ್ಕೆ. ಆ ಎರಡು ತಿಂಗಳು ಚಾರ್ಟ್ ತೆಗೆಯುವುದಿಲ್ಲ, ಇದ್ದದ್ದಕ್ಕೆ ಜಿಟಿಟಿ ಹಾಕಿ ಬಿಟ್ಟುಬಿಡುತ್ತೇನೆ.